ಗುಳಿಗೆ ಎಷ್ಟು ವರ್ಷ?

ಖಿನ್ನತೆಗೆ ಗುಳಿಗೆ ಬಂದು ಎಪ್ಪತ್ತು ವರ್ಷವಾಗುತ್ತ ಬಂತು. ಅದು ಹೇಗೆ ಬಂತು ಎಂದು ಹೇಳುವ ಬರಹಗಳು ಸಾಕಷ್ಟಿವೆ. ಎಷ್ಟು ದಿನ ತೆಗೆದುಕೊಳ್ಳಬೇಕು ಎಂಬ ಪ್ರಶ್ನೆ ಯಾವಾಗ ಹುಟ್ಟಿತು, ಯಾರು ಯಾವ ಉತ್ತರ ಕೊಟ್ಟರು ಎಂದು ಹೇಳುವ ಬರಹಗಳು ಕಡಿಮೆ. ನನಗೆ ಬೇಕಾಗಿದ್ದು ಆ ಎರಡನೆಯ ಇತಿಹಾಸ.

ಬೇಕಾಗಿದ್ದಕ್ಕೆ ಕಾರಣ ಸ್ವಂತದ್ದು. ನಾನು ಪೀರನವಾಡಿಯವನು. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಲೆಕ್ಕಪತ್ರ ನೋಡುತ್ತೇನೆ. ಈಗ ವಯಸ್ಸು 53. ನನಗೆ ಮೂರು ಸಲ ಖಿನ್ನತೆ ಬಂದಿದೆ: 2009, 2014, 2018. ಮೊದಲ ಸಲ ಆರು ತಿಂಗಳು, ಎರಡನೆಯ ಸಲ ಒಂದು ವರ್ಷ ಗುಳಿಗೆ ತೆಗೆದುಕೊಂಡೆ, ವೈದ್ಯರು ಹೇಳಿದ ಹಾಗೆಯೇ ಬಿಟ್ಟೆ. ಮೂರನೆಯ ಸಲ ಬದುಕೇ ಬೇಡ ಅನ್ನಿಸಿತ್ತು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಅಂದಿನಿಂದ ರಾತ್ರಿ ಊಟದ ನಂತರ ಹತ್ತು ಎಂಜಿಯ ಎಸಿಟಾಲೊಪ್ರಾಮ್ ನಡೆದಿದೆ. ಏಳು ವರ್ಷ. ಆರಾಮಾಗಿದ್ದೇನೆ. ಈಗ ನನ್ನ ವೈದ್ಯರು, ಮುಂದುವರಿಸುವುದೋ ನಿಧಾನವಾಗಿ ಇಳಿಸುವುದೋ ಎಂಬುದನ್ನು ನನ್ನ ವಿಚಾರಕ್ಕೆ ಬಿಟ್ಟಿದ್ದಾರೆ. ಎರಡಕ್ಕೂ ಕಾರಣಗಳಿವೆ, ನೀವೂ ಓದಿಕೊಳ್ಳಿರಿ, ಆಮೇಲೆ ಕೂಡಿ ಮಾತಾಡೋಣ ಅಂದಿದ್ದಾರೆ.

ಮನೆಯಲ್ಲಿ ಎರಡು ಮಾತಿವೆ. ಅವ್ವ ಕೇಳುತ್ತಾಳೆ: "ಎಷ್ಟ ವರ್ಷ ನುಂಗ್ತೀಯೋ ತಮ್ಮಾ ಈ ಗುಳಗಿ? ನಾಳೆ ಹುಡುಗೀನ್ನ ನೋಡಾಕ ಬಂದವ್ರ ಕಣ್ಣಿಗೆ ಬಿದ್ರ ಏನ್ ಹೇಳೂದು?" ಮಗಳಿಗೆ ವರ ನೋಡುವ ವರ್ಷಗಳು ಇವು. ಫೌಂಡ್ರಿಯಲ್ಲಿ ವಿಷಯ ಗೊತ್ತಿರುವ ಒಬ್ಬನೇ ಗೆಳೆಯ ಬೇರೆ ಹೇಳುತ್ತಾನೆ: "ಬಿಪಿ ಗುಳಗಿ ಇದ್ದಂಗ ತಿಳ್ಕೊಂಡ ಬಿಡೋ. ದಿನಾ ಒಂದ, ಮುಗೀತು." ನಮ್ಮ ಮನೆಯಲ್ಲಿ ಅವ್ವನ ಬಿಪಿ ಗುಳಿಗೆ ದೇವರ ಮಾಡದ ಪಕ್ಕದ ಹಲಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಇರುತ್ತದೆ. ನನ್ನದು ತಿಜೋರಿಯ ಒಳಗೆ, ಬಟ್ಟೆಯ ಕೆಳಗೆ. ಎರಡೂ ಒಂದೇ ಅನ್ನುವುದು ಮಾತಿನಲ್ಲಿ ಸುಲಭ.

ಗುಳಿಗೆಗೆ ಮೊದಲು ಏನಿತ್ತು ಎಂಬುದನ್ನು ನೋಡಬೇಕಾದರೆ ನಮ್ಮವರು ದೂರ ಹೋಗಬೇಕಿಲ್ಲ. ಧಾರವಾಡದ ಮಾನಸಿಕ ಆಸ್ಪತ್ರೆ 1845ರಲ್ಲಿ ಶುರುವಾದದ್ದು. ಇಂದು ಅದು ಡಿಮ್ಹಾನ್ಸ್. ಬೆಳಗಾವಿ ಆಗ ಮುಂಬೈ ಪ್ರಾಂತದಲ್ಲಿತ್ತು, 1956ರ ನವೆಂಬರ್‌ವರೆಗೂ ಇತ್ತು. ಈ ಭಾಗದವರಿಗೆ ಹತ್ತಿರದ ಆಸ್ಪತ್ರೆ ಅದೇ. 1858ರ ಕಾಯ್ದೆ, ಆಮೇಲೆ 1912ರ ಭಾರತೀಯ ಹುಚ್ಚರ ಕಾಯ್ದೆ, ಇವುಗಳ ಅಡಿಯಲ್ಲಿ ಒಬ್ಬನನ್ನು ಒಳಗೆ ಕಳಿಸಲು ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಎಷ್ಟು ದಿನ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಕೊಡುತ್ತಿದ್ದವರು ಅಧಿಕಾರಿಗಳು ಮತ್ತು ಮನೆಯವರು. ರೋಗಿಯನ್ನು ಕೇಳುವ ಪದ್ಧತಿ ಇರಲಿಲ್ಲ. ಇನ್ನು ನನ್ನಂಥವನು, ಅಂದರೆ ಕೂಗಾಡದೆ, ಯಾರಿಗೂ ತೊಂದರೆ ಕೊಡದೆ ಗೋಡೆಯ ಕಡೆ ಮುಖ ಮಾಡಿ ಮಲಗುವವನು, ಆ ಲೆಕ್ಕಕ್ಕೇ ಬರುತ್ತಿರಲಿಲ್ಲ. ಅವನಿಗೆ ಮನೆಯ ಮೂಲೆ ಇತ್ತು, ಹರಕೆ ಇತ್ತು, ತಾಯತ ಇತ್ತು. ಬಹಳ ಸಲ ಕಾಲ ಕಳೆದಂತೆ ತಾನೇ ಏಳುತ್ತಿದ್ದ. ಕೆಲವೊಮ್ಮೆ ಏಳುತ್ತಿರಲಿಲ್ಲ.

ಗುಳಿಗೆಯ ಕಾಲ 1950ರ ದಶಕದಲ್ಲಿ ಶುರುವಾಯಿತು. 1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಐಪ್ರೋನಿಯಾಜಿಡ್ ಎಂಬ ಔಷಧ ಕೊಟ್ಟಾಗ ಅವರಲ್ಲಿ ಉತ್ಸಾಹ ಹೆಚ್ಚಿದ್ದು ಕಂಡಿತು. ಸ್ವಿಟ್ಜರ್ಲೆಂಡಿನ ಮ್ಯೂನ್‌ಸ್ಟರ್‌ಲಿಂಗೆನ್ ಎಂಬ ಊರಿನ ಆಸ್ಪತ್ರೆಯಲ್ಲಿ ರೋಲಾಂಡ್ ಕೂನ್ ಎಂಬ ವೈದ್ಯರು ಗೈಗಿ ಕಂಪನಿ ಕೊಟ್ಟಿದ್ದ ಒಂದು ಹೊಸ ವಸ್ತುವನ್ನು 1956ರಲ್ಲಿ ಖಿನ್ನತೆಯ ರೋಗಿಗಳಿಗೆ ಕೊಟ್ಟು ನೋಡಿದರು. ಅದೇ ಇಮಿಪ್ರಮೀನ್. 1957ರಲ್ಲಿ ಜೂರಿಕ್‌ನ ವಿಶ್ವ ಸಮ್ಮೇಳನದಲ್ಲಿ ಅವರು ಈ ಬಗ್ಗೆ ಮಾತಾಡಿದಾಗ ಕೇಳಲು ಇದ್ದವರು ಹತ್ತು ಹನ್ನೆರಡು ಜನ. ನನ್ನ ಪ್ರಶ್ನೆಯ ಮೊದಲ ಎಳೆ ಇಲ್ಲೇ ಸಿಗುತ್ತದೆ. ಗುಳಿಗೆಯನ್ನು ಬೇಗ ನಿಲ್ಲಿಸಿದರೆ ಲಕ್ಷಣಗಳು ಮರಳುತ್ತವೆ ಎಂಬುದನ್ನು ಕೂನ್ ಆಗಲೇ ಗಮನಿಸಿದ್ದರು. ಗುಳಿಗೆ ಖಿನ್ನತೆಯನ್ನು ಬೇರುಸಹಿತ ಕೀಳುವುದಿಲ್ಲ, ಅದು ತಾನಾಗಿ ಮುಗಿಯುವ ತನಕ ಹಿಡಿದಿಡುತ್ತದೆ ಎಂಬುದು ಆ ಕಾಲದ ತಿಳಿವಳಿಕೆ. ಅದು ಯಾವಾಗ ಮುಗಿಯುತ್ತದೆ ಎಂದು ತಿಳಿಯುವ ಉಪಾಯ ಆಗಲೂ ಇರಲಿಲ್ಲ. ಇಂದಿಗೂ ರಕ್ತ ಪರೀಕ್ಷೆಯಲ್ಲಿ ಅದು ಕಾಣುವುದಿಲ್ಲ.

ಇಲ್ಲಿ ಬಿಪಿ ಗುಳಿಗೆಯ ಮಾತಿಗೆ ಬರಬೇಕು. ಗೆಳೆಯನ ಹೋಲಿಕೆಯ ಹಿಂದೆ ಅವನಿಗೆ ಗೊತ್ತಿಲ್ಲದ ಒಂದು ಕತೆಯಿದೆ, ಮತ್ತು ಅದು ನಮ್ಮ ನೆಲದ ಗಿಡದ ಕತೆ. ಸರ್ಪಗಂಧ ನಮ್ಮ ಪಶ್ಚಿಮಘಟ್ಟದ ತೇವದ ಕಾಡುಗಳಲ್ಲೂ ಬೆಳೆಯುವ ಚಿಕ್ಕ ಗಿಡ. ಪೀರನವಾಡಿ ದಾಟಿ ಜಾಂಬೋಟಿ, ಕಣಕುಂಬಿ ಕಡೆ ಹೋದರೆ ಆ ಘಟ್ಟ ಶುರುವಾಗುತ್ತದೆ. ಬಿಹಾರದ ಕಡೆ ಅದರ ಬೇರನ್ನು ಹುಚ್ಚಿನ ಔಷಧ ಎಂದೇ ಕರೆಯುತ್ತಿದ್ದರು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅದು ರಕ್ತದೊತ್ತಡಕ್ಕೂ ಬುದ್ಧಿಭ್ರಮಣೆಗೂ ಉಪಯೋಗವಾಗುತ್ತದೆ ಎಂದು ಬರೆದರು. 1949ರಲ್ಲಿ ಮುಂಬೈಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದ ಲೇಖನದಿಂದ ಜಗತ್ತು ಈ ಬೇರಿನ ಕಡೆ ತಿರುಗಿತು. 1952ರಲ್ಲಿ ಬಾಸೆಲ್‌ನ ಸೀಬಾ ಕಂಪನಿಯವರು ಅದರಿಂದ ರಿಸರ್ಪೀನ್ ಬೇರ್ಪಡಿಸಿದರು. ರಕ್ತದೊತ್ತಡಕ್ಕೆ ಅದು ದೊಡ್ಡ ಔಷಧವಾಯಿತು.

ಆಮೇಲೆ ಕೆಲವು ವೈದ್ಯರು ರಿಸರ್ಪೀನ್ ತೆಗೆದುಕೊಳ್ಳುವ ಬಿಪಿ ರೋಗಿಗಳಲ್ಲಿ ಖಿನ್ನತೆ ಬರುತ್ತಿದೆ ಎಂದು ವರದಿ ಮಾಡಿದರು. 1955ರಲ್ಲಿ ಅಮೆರಿಕದಲ್ಲಿ ಬರ್ನಾರ್ಡ್ ಬ್ರೋಡಿಯವರ ಪ್ರಯೋಗಾಲಯ ರಿಸರ್ಪೀನ್ ದೇಹದಲ್ಲಿ ಸಂಗ್ರಹವಾಗಿರುವ ಸಿರೊಟೋನಿನನ್ನು ಖಾಲಿ ಮಾಡುತ್ತದೆ ಎಂದು ತೋರಿಸಿತು. ಎರಡನ್ನೂ ಕೂಡಿಸಿ, ಮಿದುಳಿನಲ್ಲಿ ಇಂಥ ರಾಸಾಯನಿಕಗಳು ಕಡಿಮೆಯಾದರೆ ಖಿನ್ನತೆ ಬರುತ್ತದೆ ಎಂಬ ವಾದ ಬೆಳೆಯಿತು. 1960ರ ದಶಕದಲ್ಲಿ ಅದು ಸಿದ್ಧಾಂತವಾಯಿತು. ಮುಂದೆ 1987ರ ಕೊನೆಗೆ ಅಮೆರಿಕದಲ್ಲಿ ಫ್ಲುವಾಕ್ಸೆಟಿನ್‌ಗೆ ಒಪ್ಪಿಗೆ ಸಿಕ್ಕ ಮೇಲೆ ಜನರ ಬಾಯಿಗೂ ಬಂತು. "ನಿಮ್ಮಲ್ಲಿ ಒಂದು ಕೆಮಿಕಲ್ ಕಡಿಮಿ ಐತಿ, ಗುಳಗಿ ಅದನ್ನ ತುಂಬಿ ಕೊಡತೈತಿ" ಎಂಬ ಮಾತನ್ನು ನಾನೂ ಕೇಳಿದ್ದೇನೆ. ಕಡಿಮೆ ಇರುವುದನ್ನು ತುಂಬುವುದಾದರೆ ಎಷ್ಟು ದಿನ ಎಂಬ ಪ್ರಶ್ನೆಯೇ ಬರುವುದಿಲ್ಲ. ಥೈರಾಯ್ಡ್ ಕಡಿಮೆ ಇದ್ದವರು ಕೇಳುವುದಿಲ್ಲ, ಹಾಗೆ.

ಆದರೆ ಕತೆ ಅಷ್ಟು ನೇರವಿಲ್ಲ. ಅದೇ 1955ರಲ್ಲಿ ಲಂಡನ್ನಿನ ಡೇವಿಸ್ ಮತ್ತು ಮೈಕೆಲ್ ಶೆಫರ್ಡ್ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಆತಂಕ ಮತ್ತು ಖಿನ್ನತೆ ಇದ್ದ ರೋಗಿಗಳಲ್ಲಿ ಕೆಲವರಿಗೆ ರಿಸರ್ಪೀನ್, ಕೆಲವರಿಗೆ ಔಷಧವಿಲ್ಲದ ಹುಸಿ ಗುಳಿಗೆ. ರಿಸರ್ಪೀನ್ ತೆಗೆದುಕೊಂಡವರೇ ಸುಧಾರಿಸಿದರು. ಖಿನ್ನತೆ ತರುತ್ತದೆ ಅನ್ನಿಸಿಕೊಂಡ ಔಷಧವೇ ಖಿನ್ನತೆಗೆ ಉಪಯೋಗವಾಗಿತ್ತು. ಸಿದ್ಧಾಂತಕ್ಕೆ ಹೊಂದದ ಈ ಫಲಿತಾಂಶವನ್ನು ಬಹುಮಂದಿ ಮರೆತರು. 2022ರಲ್ಲಿ ಜೊವಾನ್ನಾ ಮಾನ್‌ಕ್ರೀಫ್ ಮತ್ತು ಸಂಗಡಿಗರು ಅಷ್ಟೂ ವರ್ಷಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಖಿನ್ನತೆಗೆ ಸಿರೊಟೋನಿನ್ ಕೊರತೆಯೇ ಕಾರಣ ಎನ್ನಲು ಸ್ಥಿರವಾದ ಆಧಾರವಿಲ್ಲ ಎಂದು ಬರೆದಾಗ ಜಗತ್ತಿನಾದ್ಯಂತ ಗದ್ದಲವಾಯಿತು.

ಆ ಸುದ್ದಿ ಓದಿದ ದಿನ ನನಗೂ ಕಾಲಡಿಯ ನೆಲ ಸರಿದಂತಾಯಿತು. ಸಾವಧಾನವಾಗಿ ನೋಡಿದಾಗ ಎರಡು ಪ್ರಶ್ನೆಗಳು ಬೇರೆ ಬೇರೆ ಎಂದು ತಿಳಿಯಿತು. ಗುಳಿಗೆ ಯಾಕೆ ಕೆಲಸ ಮಾಡುತ್ತದೆ ಎಂಬುದು ಒಂದು. ಕೆಲಸ ಮಾಡುತ್ತದೆಯೇ ಎಂಬುದು ಇನ್ನೊಂದು. ಜ್ವರಕ್ಕೆ ಪ್ಯಾರಾಸಿಟಮಾಲ್ ನುಂಗುವ ನಾವು, ಮೈಯಲ್ಲಿ ಪ್ಯಾರಾಸಿಟಮಾಲ್ ಕೊರತೆಯಾಗಿ ಜ್ವರ ಬಂತು ಅನ್ನುವುದಿಲ್ಲ. ಕೊರತೆಯ ಕತೆ ಬಿದ್ದುಹೋದರೆ ಅದರೊಂದಿಗೆ ಹೋಗುವುದು ಒಂದೇ: ಜೀವನಪೂರ್ತಿ ತುಂಬುತ್ತಲೇ ಇರಬೇಕು ಎಂಬ ತರ್ಕ. ಎಷ್ಟು ದಿನ ಎಂಬುದಕ್ಕೆ ಉತ್ತರವನ್ನು ಸಿದ್ಧಾಂತದಲ್ಲಿ ಹುಡುಕಬಾರದು, ಗುಳಿಗೆ ಬಿಟ್ಟವರಿಗೂ ಬಿಡದವರಿಗೂ ಏನಾಯಿತು ಎಂಬ ಲೆಕ್ಕದಲ್ಲಿ ಹುಡುಕಬೇಕು. ಲೆಕ್ಕ ನನ್ನ ಕಸುಬು.

ಆ ಲೆಕ್ಕ ಹಾಕಿದವರಲ್ಲಿ ಮೊದಲಿಗರ ಪೈಕಿ ಅದೇ ಮೈಕೆಲ್ ಶೆಫರ್ಡ್ ಇದ್ದಾರೆ. 1973ರಲ್ಲಿ ಮಿಂಡಮ್ ಮತ್ತು ಹೌಲ್ಯಾಂಡ್ ಜೊತೆ ಅವರು ಮಾಡಿದ ಪ್ರಯೋಗದಲ್ಲಿ, ಗುಣವಾದ ರೋಗಿಗಳಲ್ಲಿ ಕೆಲವರಿಗೆ ಗುಳಿಗೆ ಮುಂದುವರಿಸಿದರು, ಕೆಲವರಿಗೆ ಹುಸಿ ಗುಳಿಗೆ ಕೊಟ್ಟರು. ಮುಂದುವರಿಸಿದವರಲ್ಲಿ ರೋಗ ಮರಳಿದ್ದು ಕಡಿಮೆ. ಗುಣವಾದ ಮೇಲೂ ಆರು ತಿಂಗಳಾದರೂ ಇರಲಿ ಎಂಬ ರೂಢಿ ಇಂಥ ಪ್ರಯೋಗಗಳಿಂದ ಗಟ್ಟಿಯಾಯಿತು. 1990ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಎಲೆನ್ ಫ್ರಾಂಕ್, ಡೇವಿಡ್ ಕುಪ್ಫರ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋದರು. ಮತ್ತೆ ಮತ್ತೆ ಖಿನ್ನತೆ ಬಂದಿದ್ದ 128 ಜನರನ್ನು ಮೂರು ವರ್ಷ ನೋಡಿದರು. ಪೂರ್ತಿ ಪ್ರಮಾಣದ ಇಮಿಪ್ರಮೀನ್ ಮುಂದುವರಿಸಿದವರಿಗೆ ರಕ್ಷಣೆ ಹೆಚ್ಚು. ತಿಂಗಳಿಗೊಮ್ಮೆ ಮಾತಿನ ಚಿಕಿತ್ಸೆ ಪಡೆದವರಿಗೂ ಸ್ವಲ್ಪ ಅನುಕೂಲವಾಯಿತು. ಮೂರು ಸಲ ಬಂದವರಿಗೆ ದೀರ್ಘಕಾಲ ಎಂಬ ಮಾತು ವೈದ್ಯರ ಬಾಯಲ್ಲಿ ನಿಂತದ್ದು ಈ ಕಾಲದಲ್ಲಿ. ಆ ಲೆಕ್ಕದಲ್ಲಿ ನಾನೂ ಬರುತ್ತೇನೆ.

2003ರಲ್ಲಿ ಜಾನ್ ಗೆಡ್ಡಿಸ್ ಮತ್ತು ಸಂಗಡಿಗರು ಇಂಥ 31 ಪ್ರಯೋಗಗಳನ್ನು, 4410 ಜನರನ್ನು ಕೂಡಿಸಿ ನೋಡಿದರು. ಮುಂದುವರಿಸಿದವರಲ್ಲಿ ಶೇ. 18ರಷ್ಟು ಜನರಿಗೆ ಖಿನ್ನತೆ ಮರಳಿತ್ತು, ಹುಸಿ ಗುಳಿಗೆಯವರಲ್ಲಿ ಶೇ. 41. ನನ್ನಂಥ ಸಾಮಾನ್ಯರಿಗೆ ಇನ್ನೂ ಹತ್ತಿರದ್ದು 2021ರಲ್ಲಿ ಪ್ರಕಟವಾದ ಬ್ರಿಟನ್ನಿನ ಆಂಟ್ಲರ್ ಪ್ರಯೋಗ. ಅದರಲ್ಲಿದ್ದ 478 ಜನ ದೊಡ್ಡಾಸ್ಪತ್ರೆಯ ರೋಗಿಗಳಲ್ಲ, ಊರ ವೈದ್ಯರ ಬಳಿ ಹೋಗುವವರು. ಬಹಳ ಮಂದಿ ವರ್ಷಗಟ್ಟಲೆ ಗುಳಿಗೆ ತೆಗೆದುಕೊಂಡವರು, ಆರಾಮಿದ್ದವರು, ಬಿಡಬಹುದೇನೋ ಅಂದುಕೊಂಡವರು. ಒಂದು ವರ್ಷದೊಳಗೆ ಮುಂದುವರಿಸಿದವರಲ್ಲಿ ಶೇ. 39 ಜನರಿಗೆ, ಬಿಟ್ಟವರಲ್ಲಿ ಶೇ. 56 ಜನರಿಗೆ ಖಿನ್ನತೆ ಮರಳಿತು.

ಈ ಎರಡು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಬಹಳ ದಿನ ನೋಡಿದೆ. ಅವು ಎರಡೂ ಕಡೆಯವರಿಗೆ ಮಾತಾಡುತ್ತವೆ. ಬಿಡದಿದ್ದರೆ ಒಳ್ಳೆಯದು ಅನ್ನುತ್ತವೆ. ಬಿಟ್ಟ ನೂರರಲ್ಲಿ 44 ಜನ ವರ್ಷಪೂರ್ತಿ ಆರಾಮಿದ್ದರು ಎಂದೂ ಅನ್ನುತ್ತವೆ. ಗುಳಿಗೆ ತೆಗೆದುಕೊಂಡರೂ 39 ಜನರಿಗೆ ಮರಳಿತು ಎಂದೂ ಅನ್ನುತ್ತವೆ. ನಾನು ಆ ನೂರರಲ್ಲಿ ಯಾವನು ಎಂಬುದನ್ನು ಯಾವ ಅಂಕಿಯೂ ಹೇಳುವುದಿಲ್ಲ.

ಇನ್ನೊಂದು ತೊಡಕಿದೆ. ಆಂಟ್ಲರ್‌ನಲ್ಲಿ ಗುಳಿಗೆ ಇಳಿಸಿದ್ದು ಸುಮಾರು ಎರಡು ತಿಂಗಳಲ್ಲಿ. ವರ್ಷಗಟ್ಟಲೆ ರೂಢಿಯಾದ ಮಿದುಳಿಗೆ ಎರಡು ತಿಂಗಳು ಸಾಕೇ ಎಂಬ ಪ್ರಶ್ನೆ ಎದ್ದಿತು. ಗುಳಿಗೆ ಬಿಟ್ಟಾಗ ತಲೆ ತಿರುಗುವುದು, ಕೆಟ್ಟ ಕನಸು, ಸಿಡುಕು, ತಲೆಯೊಳಗೆ ಕರೆಂಟು ಹೊಡೆದಂತೆ ಆಗುವುದು ಕೆಲವರಿಗೆ ಇರುತ್ತದೆ. ಇದು ಖಿನ್ನತೆ ಮರಳಿದ್ದೋ, ಬಿಟ್ಟದ್ದರ ತೊಂದರೆಯೋ ಎಂದು ಬೇರೆ ಮಾಡುವುದು ಕಷ್ಟ. 2019ರಲ್ಲಿ ಮಾರ್ಕ್ ಹೊರೊವಿಟ್ಜ್ ಮತ್ತು ಡೇವಿಡ್ ಟೇಲರ್ ಮಿದುಳಿನ ಚಿತ್ರಗಳ ಆಧಾರದ ಮೇಲೆ ಒಂದು ಮುಖ್ಯ ಮಾತು ಹೇಳಿದರು. ಪ್ರಮಾಣ ಅರ್ಧ ಮಾಡಿದರೆ ಪರಿಣಾಮ ಅರ್ಧವಾಗುವುದಿಲ್ಲ. ಮೇಲಿನ ಎಂಜಿಗಳನ್ನು ಇಳಿಸಿದಾಗ ವ್ಯತ್ಯಾಸ ಸ್ವಲ್ಪ. ಕೊನೆಯ ಒಂದೆರಡು ಎಂಜಿ ಇಳಿಸಿದಾಗ ವ್ಯತ್ಯಾಸ ಬಹಳ. ಆದ್ದರಿಂದ ಕೆಳಗೆ ಹೋದಷ್ಟೂ ಹೆಜ್ಜೆ ಚಿಕ್ಕದಾಗಬೇಕು, ಕೆಲವರಿಗೆ ತಿಂಗಳುಗಳು ಬೇಕು. 2022ರ ಬ್ರಿಟಿಷ್ ಮಾರ್ಗಸೂಚಿಯೂ ಹಂತಹಂತವಾಗಿ ಇಳಿಸಬೇಕು ಅನ್ನುತ್ತದೆ. ಎಲ್ಲರಿಗೂ ಕಷ್ಟವಾಗುತ್ತದೆ ಎಂದಲ್ಲ. 2024ರಲ್ಲಿ ಪ್ರಕಟವಾದ ಒಂದು ದೊಡ್ಡ ಅವಲೋಕನದ ಪ್ರಕಾರ, ಬಿಟ್ಟದ್ದರಿಂದಲೇ ತೊಂದರೆ ಎನ್ನಬಹುದಾದವರು ಸುಮಾರು ಆರೇಳು ಜನರಲ್ಲಿ ಒಬ್ಬರು.

ಇಷ್ಟೆಲ್ಲ ಲೆಕ್ಕ ಹೊರದೇಶದ್ದು. ನಮ್ಮ ದೇಶದ ಇತಿಹಾಸ ಬೇರೆಯೇ ಪ್ರಶ್ನೆ ಕೇಳುತ್ತದೆ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆಯಿತು, 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ದರು. ಅದೇ ಮಾದರಿಯಲ್ಲಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1970ರ ಪೇಟೆಂಟ್ ಕಾಯ್ದೆಯಿಂದ ಔಷಧಗಳು ಅಗ್ಗವಾಗಿದ್ದವು. ಕನ್ನಡದಲ್ಲಿ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಊರೂರು ಮುಟ್ಟಿದವು. ಇಷ್ಟಾದರೂ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹೇಳಿದ್ದೇನು? ಇಪ್ಪತ್ತರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿದೆ, ಅವರಲ್ಲಿ ಬಹುತೇಕರಿಗೆ ಚಿಕಿತ್ಸೆ ಸಿಗುತ್ತಿಲ್ಲ. ಬ್ರಿಟನ್ನಿನಲ್ಲಿ ಗುಳಿಗೆ ಬಿಡುವುದು ಹೇಗೆ ಎಂದು ಚರ್ಚೆ ನಡೆದಿರುವಾಗ ನಮ್ಮಲ್ಲಿ ಮೊದಲ ಗುಳಿಗೆಯೇ ಮುಟ್ಟಿಲ್ಲ. ಮುಟ್ಟಿದವರೂ ಬಿಡುವುದು ವಿಚಾರ ಮಾಡಿ ಅಲ್ಲ. ಸ್ಟ್ರಿಪ್ ಮುಗಿಯಿತು, ಬಸ್ಸಿಗೆ ರೊಕ್ಕ ಇರಲಿಲ್ಲ, ಬೀಗರು ಮನೆಗೆ ಬಂದಿದ್ದರು, ಅದಕ್ಕೇ ಬಿಟ್ಟರು.

ಆ ಕೊನೆಯ ಕಾರಣ ನಮ್ಮ ಮನೆಯದೂ ಆಗಬಹುದಿತ್ತು. ಅದಕ್ಕೇ ಗುಳಿಗೆಯ ಖರ್ಚಿನ ಬದಿಯನ್ನು ಬೇರೆ ಬರೆದುಕೊಂಡೆ. ಏಳು ವರ್ಷದಲ್ಲಿ ಆರು ಕಿಲೊ ತೂಕ ಏರಿದೆ. ದಾಂಪತ್ಯದ ಬಯಕೆ ತಗ್ಗಿದೆ. ವಯಸ್ಸಾದಂತೆ ಕೆಲವರಿಗೆ ರಕ್ತದಲ್ಲಿ ಸೋಡಿಯಂ ಇಳಿಯಬಹುದು ಎಂದು ವೈದ್ಯರು ಎಚ್ಚರಿಸಿದ್ದಾರೆ. ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಬೇರೆ. 2022ರಲ್ಲಿ ಅಪ್ಪ ತೀರಿಕೊಂಡಾಗ ನನಗೆ ಕಣ್ಣೀರು ಬರಲಿಲ್ಲ. ದುಃಖ ಇತ್ತು, ಅದು ಗಂಟಲ ಮೇಲೆ ಏರಲಿಲ್ಲ. ಈ ಗುಳಿಗೆಗಳು ಕೆಲವರಲ್ಲಿ ಭಾವನೆಯ ಏರಿಳಿತವನ್ನೇ ಮೊಂಡು ಮಾಡುತ್ತವೆ ಎಂದು ಓದಿದ ಮೇಲೆ, ಅಪ್ಪನಿಗೆ ಸಲ್ಲಬೇಕಾದ ಅಳುವನ್ನು ಗುಳಿಗೆ ತಿಂದಿತೇ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ.

ಇದನ್ನು ಹೆಂಡತಿಗೆ ಹೇಳಿದೆ. ಅವಳು ತಕ್ಷಣ ಉತ್ತರ ಕೊಡಲಿಲ್ಲ. ಆಮೇಲೆ ಅಂದಳು: "ಅಳಲಿಲ್ಲ ಖರೆ. ಆದ್ರ ಆ ಹದಿಮೂರು ದಿನಾ ಎಲ್ಲಾ ನೀವ ಮಾಡಿದ್ರಿ. ಅತ್ತಿಯವ್ರನ್ನ ಹಿಡಕೊಂಡ ಕುಂತಿದ್ರಿ. ನನ್ನ ತಮ್ಮನ ಮದಿವ್ಯಾಗ ನೀವು ಮನ್ಯಾಗ ಮಲಗಿದ್ರಿ, ನೆನಪೈತಿಲ್ಲ? ನಾ ಒಬ್ಬಾಕಿನ ಹೋಗಿ ಬಂದೆ." ಅದು 2014ರ ಮಾತು. ನನ್ನ ಖರ್ಚಿನ ಪಟ್ಟಿಯಲ್ಲಿ ಇಲ್ಲದ ಒಂದು ಸಾಲನ್ನು ಅವಳು ಸೇರಿಸಿದಳು. ಖಿನ್ನತೆ ಮರಳಿದರೆ ಅದರ ಬೆಲೆ ಕೊಡುವವನು ನಾನೊಬ್ಬನೇ ಅಲ್ಲ.

ಕೊನೆಗೆ ನಾನು ಮುಟ್ಟಿದ ತೀರ್ಮಾನ ಹೀಗಿದೆ. ಸದ್ಯಕ್ಕೆ ಮುಂದುವರಿಸುತ್ತೇನೆ. ಕಾರಣ ಮೂರು. ಮೂರು ಸಲ ಬಂದಿದೆ, ಮೂರನೆಯದು ಜೀವಕ್ಕೆ ಬಂದಿತ್ತು, ಮತ್ತು ಮನೆಯಲ್ಲಿ ಇದು ಮದುವೆಯ ಓಡಾಟದ ಕಾಲ. ಕೆಮಿಕಲ್ ಕೊರತೆ ಎಂಬುದು ಆ ಕಾರಣಗಳಲ್ಲಿ ಇಲ್ಲ. ಜೀವನಪೂರ್ತಿ ಎಂಬ ಶಬ್ದವನ್ನೂ ನಾನು ಬಳಸುವುದಿಲ್ಲ. ನಾನು ಓದಿದ ಪ್ರಯೋಗಗಳು ಒಂದು, ಎರಡು, ಮೂರು ವರ್ಷದವು. ಅವು ಕೊಡದ ಭರವಸೆಯನ್ನು ನಾನು ತೆಗೆದುಕೊಳ್ಳಬಾರದು, ಅವು ಕೊಡದ ಶಿಕ್ಷೆಯನ್ನೂ ತೆಗೆದುಕೊಳ್ಳಬಾರದು. ಆರು ತಿಂಗಳಿಗೊಮ್ಮೆ ತೂಕ, ವರ್ಷಕ್ಕೊಮ್ಮೆ ಸೋಡಿಯಂ, ಎರಡು ವರ್ಷಕ್ಕೆ ಮತ್ತೆ ಇದೇ ಪ್ರಶ್ನೆ. ಭಾವನೆ ಮೊಂಡಾದದ್ದರ ಬಗ್ಗೆ ವೈದ್ಯರೊಂದಿಗೆ ಬೇರೆ ಮಾತು ನಡೆದಿದೆ, ಪ್ರಮಾಣ ಅಥವಾ ಔಷಧ ಬದಲಿಸುವ ದಾರಿಯೂ ಇದೆ. ಮುಂದೆ ಬಿಡುವುದಾದರೆ ಎರಡು ತಿಂಗಳಲ್ಲಿ ಅಲ್ಲ, ಸಾವಕಾಶ, ಸಣ್ಣ ಹೆಜ್ಜೆಯಲ್ಲಿ. ನನಗೆ ರೋಗ ಮರಳುವ ಮೊದಲ ಗುರುತುಗಳನ್ನು ಹೆಂಡತಿ ಬರೆದಿಟ್ಟುಕೊಂಡಿದ್ದಾಳೆ: ಮೂರು ಗಂಟೆಗೆ ಎಚ್ಚರವಾಗುವುದು, ಚಹಾ ಅರ್ಧ ಬಿಡುವುದು, ಒಂದೇ ಲೆಕ್ಕವನ್ನು ನಾಲ್ಕು ಸಲ ಕೂಡಿಸುವುದು.

ಅವ್ವನಿಗೂ ಹೇಳಿದೆ, ಈ ಭಾಷೆಯಲ್ಲಿ ಅಲ್ಲ. ನಿನ್ನ ಬಿಪಿ ಗುಳಗಿ ನಿಂತರ ಏನಾಗತೈತಿ ಅಂತ ನಿನಗ ಗೊತ್ತೈತಿ, ನಂದೂ ನಿಂತರ ಏನಾಗಬಹುದು ಅಂತ ನೀ ನೋಡೀದಿ ಅಂದೆ. ಅವಳು ಮದುವೆಯ ಮಾತನ್ನು ಮತ್ತೆ ತೆಗೆಯಲಿಲ್ಲ. ಸ್ಟ್ರಿಪ್ ಇನ್ನೂ ತಿಜೋರಿಯಲ್ಲೇ ಇದೆ. ಬಂದ ಬೀಗರಿಗೆ ಹೇಳುವುದೋ ಬಿಡುವುದೋ ಎಂಬುದನ್ನು ಮಗಳು ನಿರ್ಧರಿಸಲಿ ಎಂದು ಬಿಟ್ಟಿದ್ದೇವೆ.

ನನ್ನ ತೀರ್ಮಾನ ಇನ್ನೊಬ್ಬರಿಗೆ ಹೊಂದಬೇಕಿಲ್ಲ. ಒಂದೇ ಸಲ ಬಂದು ಹೋದವರಿಗೆ, ಹರೆಯದವರಿಗೆ, ಗರ್ಭಿಣಿಯರಿಗೆ, ಬೇರೆ ರೋಗಗಳಿರುವವರಿಗೆ ಲೆಕ್ಕವೇ ಬೇರೆ. ಎಲ್ಲರಿಗೂ ಹೊಂದುವ ಮಾತು ಎರಡೇ. ತಾನಾಗಿ ಥಟ್ಟನೆ ನಿಲ್ಲಿಸಬಾರದು. ಕೇಳದೆ ವರ್ಷಗಟ್ಟಲೆ ನುಂಗುತ್ತಲೂ ಇರಬಾರದು. ಕೇಳಲು ಹತ್ತಿರ ಯಾರೂ ಇಲ್ಲದವರಿಗೆ 2022ರಿಂದ ಸರಕಾರದ ಟೆಲಿ ಮಾನಸ್ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.